ಕೊಂಕಣ ಮತ್ತು ದಖ್ಖನದ ಮಧ್ಯಕಾಲ: ಮನೆಯ ಕಪಾಟಿಗೆ ಯಾವ ಆಕರಗ್ರಂಥಗಳು, ಗ್ರಂಥಾಲಯದಲ್ಲಿ ನೋಡಬೇಕಾದವು ಯಾವುವು?

ಡೊಂಬಿವಲಿ ಓದುಗ

ಮಾನ್ಯರೇ,

ಡೊಂಬಿವಲಿಯ ನಮ್ಮ ಕನ್ನಡ ಓದುಕೂಟದವರು ಈ ವರ್ಷ ಕಾದಂಬರಿಗಳನ್ನು ಪಕ್ಕಕ್ಕಿಟ್ಟು, ಎಂಟನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗಿನ ಕೊಂಕಣ ಮತ್ತು ದಖ್ಖನದ ಚರಿತ್ರೆಯನ್ನು ಆಕರಗಳ ಸಮೇತ ಓದಬೇಕೆಂದು ನಿಶ್ಚಯಿಸಿದ್ದಾರೆ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಠಾಣೆ ಮತ್ತು ಕೊಲ್ಹಾಪುರದ ಶಿಲಾಹಾರರು, ಗೋವೆಯ ಕದಂಬರು, ದೇವಗಿರಿಯ ಸೇವುಣರು, ಇಷ್ಟು ನಮ್ಮ ವ್ಯಾಪ್ತಿ. ಅಂಬರನಾಥದ ಶಿವಾಲಯ ನಮ್ಮಿಂದ ಲೋಕಲ್ ರೈಲಿನ ಕೆಲವೇ ನಿಲ್ದಾಣಗಳ ದೂರದಲ್ಲಿರುವುದರಿಂದ ಶಿಲಾಹಾರರ ಮೇಲೆ ಎಲ್ಲರಿಗೂ ಸ್ವಲ್ಪ ಹೆಚ್ಚಿನ ಆಸಕ್ತಿ ಇದೆ.

ನಮ್ಮಲ್ಲಿ ಇತಿಹಾಸವನ್ನು ಕ್ರಮವಾಗಿ ಕಲಿತವರು ಯಾರೂ ಇಲ್ಲ. ಬ್ಯಾಂಕಿನಿಂದ, ಶಾಲೆಯಿಂದ, ಖಾಸಗಿ ಕಂಪನಿಗಳಿಂದ ನಿವೃತ್ತರಾದವರೇ ಹೆಚ್ಚು. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಸರಾಗವಾಗಿ ಓದುತ್ತೇವೆ. ಸಂಸ್ಕೃತ ಬಲ್ಲವರು ಒಬ್ಬಿಬ್ಬರಿದ್ದಾರೆ. ಪುಸ್ತಕಗಳಿಗೆಂದು ಸದಸ್ಯರು ಸ್ವಲ್ಪ ಹಣ ಕೂಡಿಸಿದ್ದಾರೆ, ಆದರೆ ಅವುಗಳನ್ನು ಇಡುವುದು ನಮ್ಮ ಮನೆಯ ಹಾಲ್‌ನಲ್ಲಿರುವ ಒಂದೇ ಕಪಾಟಿನಲ್ಲಿ. ಹೀಗಾಗಿ ಕೊಳ್ಳುವ ಮೊದಲು ತಿಳಿದವರನ್ನು ಕೇಳುವುದು ಒಳ್ಳೆಯದೆನಿಸಿತು.

ಶಾಸನತಜ್ಞ ಫ್ಲೀಟ್ ಅವರ ‘ಡೈನಾಸ್ಟೀಸ್ ಆಫ್ ದ ಕ್ಯಾನರೀಸ್ ಡಿಸ್ಟ್ರಿಕ್ಟ್ಸ್’ ಮರುಮುದ್ರಣವಾಗಿ ಸಿಗುತ್ತಿದೆ. ಅದನ್ನು ಈಗಲೂ ನಂಬಬಹುದೇ? ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಗ್ರಹದ ಸಂಪುಟಗಳನ್ನು ಪೂರ್ತಿಯಾಗಿ ಸಂಗ್ರಹಿಸಬೇಕೆಂದು ಒಬ್ಬ ಸದಸ್ಯರ ಅಭಿಪ್ರಾಯ, ನಮ್ಮ ಕೆಲಸಕ್ಕೆ ಅದು ಎಷ್ಟರಮಟ್ಟಿಗೆ ಒದಗುತ್ತದೆ? ರಾಜರ ವಂಶಾವಳಿಯಲ್ಲಿಯೇ ವರ್ಷ ಕಳೆಯಬಾರದೆಂಬುದು ಇನ್ನೊಬ್ಬರ ಒತ್ತಾಯ. ಆ ಕಾಲದ ಧರ್ಮ, ಸಾಹಿತ್ಯ ಮತ್ತು ವಿಜ್ಞಾನಗಳ ಬಗ್ಗೆ ಪ್ರಮಾಣವೆಂದು ಹಿಡಿಯಬಹುದಾದ ಗ್ರಂಥಗಳನ್ನೂ ದಯವಿಟ್ಟು ತಿಳಿಸಬೇಕು.

ಪುಣೆಯಿಂದ, ಪೇಠೆಯ ವಾಸಿ

ನಿಮ್ಮ ಪ್ರಶ್ನೆಯಲ್ಲಿರುವ ಎರಡು ಹೆಸರುಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹಣ ವ್ಯರ್ಥವಾಗುವ ಸಾಧ್ಯತೆ ಇರುವುದು ಅಲ್ಲಿಯೇ.

ಫ್ಲೀಟ್ ಅವರ ಗ್ರಂಥ ಎರಡು ರೂಪಗಳಲ್ಲಿದೆ. 1882ರಲ್ಲಿ ಬಂದದ್ದು ಚಿಕ್ಕ ಪುಸ್ತಕ. ಅದನ್ನೇ ಅವರು ವಿಸ್ತರಿಸಿ, ಹೊಸ ಶಾಸನಗಳನ್ನು ಸೇರಿಸಿ ತಿದ್ದಿ ಬರೆದದ್ದು 1896ರಲ್ಲಿ, ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಮೊದಲನೆಯ ಸಂಪುಟದ ಎರಡನೆಯ ಭಾಗದಲ್ಲಿ ಅಚ್ಚಾಯಿತು. ಮರುಮುದ್ರಕರು ಇವೆರಡರಲ್ಲಿ ಯಾವುದನ್ನು ಅಚ್ಚು ಹಾಕಿದ್ದಾರೆಂಬುದನ್ನು ಮುಖಪುಟ ನೋಡಿ ಹೇಳಲಾಗದು. ಹೊದಿಕೆಯ ಮೇಲೆ ಇತ್ತೀಚಿನ ಇಸವಿ ಇರುತ್ತದೆ, ಒಳಗಿರುವುದು 1882ರ ಪಠ್ಯವೇ ಆಗಿರಬಹುದು. ಕೊಳ್ಳುವುದಿದ್ದರೆ ಗೆಜೆಟಿಯರಿನ ಆ ಭಾಗವನ್ನೇ ಹುಡುಕಿರಿ. ಅದೇ ರಟ್ಟಿನೊಳಗೆ ನೈರ್ನ್ ಅವರ ಕೊಂಕಣದ ಇತಿಹಾಸವೂ ರಾಮಕೃಷ್ಣ ಗೋಪಾಳ ಭಾಂಡಾರಕರರ ದಖ್ಖನದ ಪ್ರಾಚೀನ ಇತಿಹಾಸವೂ ಇವೆ. ಮೂರು ಗ್ರಂಥಗಳು ಒಂದರಲ್ಲೇ ಸಿಗುವುದು ನಿಮ್ಮ ಕಪಾಟಿಗೆ ಸಣ್ಣ ಅನುಕೂಲವಲ್ಲ.

ಆದರೆ ಇವುಗಳನ್ನು ಚರಿತ್ರೆಯ ಕೊನೆಯ ಮಾತೆಂದು ಓದಬಾರದು. ಫ್ಲೀಟ್ ಬರೆದ ಮೇಲೆ ನೂರಾರು ಶಾಸನಗಳು ಬೆಳಕಿಗೆ ಬಂದಿವೆ, ಅವರು ಊಹಿಸಿದ ಕೆಲವು ಸಂಬಂಧಗಳು ಬಿದ್ದುಹೋಗಿವೆ. ರಾಷ್ಟ್ರಕೂಟರಿಗೆ ಅನಂತ ಸದಾಶಿವ ಆಳ್ತೇಕರರು 1934ರಲ್ಲಿ ಪುಣೆಯಿಂದಲೇ ಪ್ರಕಟಿಸಿದ ಗ್ರಂಥ ಹೆಚ್ಚು ಉಪಯುಕ್ತ. ಅದರ ಅರ್ಧಭಾಗ ಆಡಳಿತ, ಗ್ರಾಮವ್ಯವಸ್ಥೆ, ಧರ್ಮ, ಶಿಕ್ಷಣ, ಬೆಲೆಗಳ ಬಗ್ಗೆ ಇದೆ. ಇಡೀ ಕಾಲಖಂಡದ ನಕ್ಷೆ ಮನಸ್ಸಿನಲ್ಲಿ ಮೂಡಬೇಕಾದರೆ ಯಜ್ದಾನಿ ಅವರು ಸಂಪಾದಿಸಿದ, 1960ರಲ್ಲಿ ಹೊರಬಂದ ‘ಅರ್ಲಿ ಹಿಸ್ಟರಿ ಆಫ್ ದ ಡೆಕ್ಕನ್’ ಎಂಬ ಎರಡು ಸಂಪುಟಗಳಿಂದ ಆರಂಭಿಸಿರಿ. ಅಲ್ಲಿ ಒಂದೊಂದು ವಂಶದ ಬಗ್ಗೆ ಆಯಾ ವಿಷಯದ ವಿದ್ವಾಂಸರೇ ಬರೆದಿದ್ದಾರೆ.

ಇನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ 1905ರ ಹೊತ್ತಿಗೆ ಹನ್ನೆರಡು ಸಂಪುಟಗಳನ್ನು ಮುಗಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಆವೃತ್ತಿಯನ್ನು ತರತೊಡಗಿತು. ಅದರ ಘನತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ರೈಸ್ ಅವರ ವ್ಯಾಪ್ತಿ ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗು. ಧಾರವಾಡ, ವಿಜಯಪುರ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು, ಕಲಬುರಗಿ, ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದವು. ನೀವು ಓದಹೊರಟಿರುವ ವಂಶಗಳ ಮುಖ್ಯ ಶಾಸನಗಳು ಇರುವುದು ಈ ನೆಲದಲ್ಲಿ. ಅವುಗಳಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು. ಬಾಂಬೆ–ಕರ್ನಾಟಕದ ಶಾಸನಗಳೆಂದು ಪ್ರತ್ಯೇಕವಾಗಿ ವಿಂಗಡಿಸಿದ ಸಂಪುಟಗಳು ಇವು. ಹೈದರಾಬಾದ್ ಭಾಗಕ್ಕೆ ಪಿ. ಬಿ. ದೇಸಾಯಿಯವರು 1958ರಲ್ಲಿ ಸಂಪಾದಿಸಿದ ಸಂಪುಟವಿದೆ. ಈಗಿನ ಮಹಾರಾಷ್ಟ್ರದೊಳಗಿನ ಕನ್ನಡ ಶಾಸನಗಳಿಗೆ ಶ್ರೀನಿವಾಸ ರಿತ್ತಿಯವರು ಜಿ. ಸಿ. ಶೇಳ್ಕೆಯವರೊಡನೆ ತಂದ ನಾಂದೇಡ ಜಿಲ್ಲೆಯ ಶಾಸನಗಳು (1968) ಮತ್ತು ಆನಂದ ಕುಂಭಾರರೊಡನೆ ತಂದ ಸೊಲ್ಲಾಪುರ ಜಿಲ್ಲೆಯ ಶಾಸನಗಳು (1988) ನಿಮಗೆ ಎಲ್ಲಕ್ಕಿಂತ ಹತ್ತಿರದವು. ಇವೆರಡೂ ಗಾತ್ರದಲ್ಲಿ ಚಿಕ್ಕವು, ಸಿಕ್ಕರೆ ಕೊಂಡುಬಿಡಿ. ಉಳಿದ ಶಾಸನ ಸಂಪುಟಗಳನ್ನು ಗ್ರಂಥಾಲಯದಲ್ಲಿ ನೋಡುವುದೇ ಸರಿ.

ಶಿಲಾಹಾರರಿಗೆ ಒಂದೇ ಗ್ರಂಥ ಸಾಕು: ವಾಸುದೇವ ವಿಷ್ಣು ಮಿರಾಶಿಯವರು ಸಂಪಾದಿಸಿದ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1977ರಲ್ಲಿ ಪ್ರಕಟಿಸಿದ ‘ಕಾರ್ಪಸ್ ಇನ್‌ಸ್ಕ್ರಿಪ್ಷನಂ ಇಂಡಿಕೇರಂ’ ಮಾಲೆಯ ಆರನೆಯ ಸಂಪುಟ. ಠಾಣೆ, ದಕ್ಷಿಣ ಕೊಂಕಣ, ಕೊಲ್ಹಾಪುರ ಈ ಮೂರೂ ಶಾಖೆಗಳ ಶಾಸನಗಳು ಅಲ್ಲಿ ಒಂದೆಡೆ ಸೇರಿವೆ. ಮೊದಲಿಗೆ ರಾಜಕೀಯ, ಧರ್ಮ, ಸಮಾಜ, ನಾಣ್ಯಗಳ ಕುರಿತ ದೀರ್ಘ ಪೀಠಿಕೆ. ಆಮೇಲೆ ಒಂದೊಂದು ಶಾಸನ. ಅದು ಎಲ್ಲಿ ಸಿಕ್ಕಿತು, ಮೊದಲು ಯಾರು ಓದಿ ಪ್ರಕಟಿಸಿದರು, ಅವರ ಪಾಠದಲ್ಲಿ ಎಲ್ಲಿ ಭಿನ್ನಾಭಿಪ್ರಾಯ ಎಂಬುದನ್ನು ಹೇಳಿ, ಮೂಲಪಾಠ, ಅನುವಾದ ಮತ್ತು ಅಚ್ಚಿನ ಪ್ರತಿಕೃತಿ ಕೊಡುತ್ತಾರೆ. ನಿಮ್ಮ ಅಂಬರನಾಥದ ಶಾಸನವನ್ನೇ ತೆಗೆದುಕೊಳ್ಳಿ. ಅದರ ಕಾಲವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಶಕ 782 ಎಂದು ಓದಲಾಗಿತ್ತು, ಅನಂತರ ಅದನ್ನು 982 ಎಂದು ತಿದ್ದಲಾಯಿತು. ಒಂದು ಅಂಕಿ ಬದಲಾದದ್ದರಿಂದ ದೇವಾಲಯದ ಕಾಲ ಕ್ರಿ.ಶ. 860ರಿಂದ 1060ಕ್ಕೆ, ಅಂದರೆ ಮಾಮ್ವಾಣಿ ಅಥವಾ ಮುಮ್ಮುಣಿ ಎಂಬ ಶಿಲಾಹಾರ ರಾಜನ ಆಳ್ವಿಕೆಗೆ ಬಂದಿತು. ಹಳೆಯ ಗೆಜೆಟಿಯರು ಅಥವಾ ಅದನ್ನು ನಕಲು ಮಾಡಿದ ಕಿರುಹೊತ್ತಗೆಗಳನ್ನು ಮಾತ್ರ ಓದಿದವರು ಈಗಲೂ ಇನ್ನೂರು ವರ್ಷ ಹಿಂದಿನ ಲೆಕ್ಕ ಹೇಳುವುದನ್ನು ಕೇಳಬಹುದು.

ಆದ್ದರಿಂದ ನನ್ನ ಸಲಹೆ ಇಷ್ಟು: ಕಥನರೂಪದ ಇತಿಹಾಸಗಳನ್ನು ಎರವಲು ತಂದು ಓದಿರಿ, ಹಣವನ್ನು ಮಿರಾಶಿಯವರ ಸಂಪುಟದಂತಹ ಮೂಲಪಾಠವಿರುವ ಗ್ರಂಥಕ್ಕೆ ಮತ್ತು ಒಳ್ಳೆಯ ನಿಘಂಟಿಗೆ ಇಟ್ಟುಕೊಳ್ಳಿರಿ. ಫ್ಲೀಟ್ ಅವರನ್ನು ಕೊಳ್ಳಬೇಕಾಗಿಲ್ಲ.

ಮಾಟುಂಗಾ

ಪುಣೆಯವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಫ್ಲೀಟ್ ಅವರನ್ನು ಅಷ್ಟು ಸುಲಭವಾಗಿ ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ. ಅವರ ತೀರ್ಮಾನಗಳು ಹಳತಾಗಿವೆ, ನಿಜ. ಆದರೆ ಅಡಿಟಿಪ್ಪಣಿಗಳಲ್ಲಿ ಅವರು ಒಂದು ಶಾಸನವನ್ನು ಏಕೆ ನಂಬುತ್ತೇನೆ, ಇನ್ನೊಂದನ್ನು ಏಕೆ ಕೃತಕವೆನ್ನುತ್ತೇನೆ ಎಂಬುದನ್ನು ಲಿಪಿ, ತಿಥಿ, ವಂಶಾವಳಿಗಳ ಆಧಾರದಿಂದ ವಾದಿಸುವ ಬಗೆ ಆರಂಭದ ಓದುಗರಿಗೆ ಬೇರೆಲ್ಲಿಯೂ ಸಿಗುವುದಿಲ್ಲ. ತಲಕಾಡಿನ ಗಂಗರ ತಾಮ್ರಶಾಸನಗಳಲ್ಲಿ ಅನೇಕವನ್ನು ಅವರು ಕೃತಕವೆಂದು ತಳ್ಳಿಹಾಕಿದರು. ರೈಸ್ ಅವುಗಳನ್ನು ಸಮರ್ಥಿಸಿದರು. ಆ ವಾಗ್ವಾದ ವರ್ಷಗಟ್ಟಲೆ ನಡೆಯಿತು. ರೈಸ್ ಅವರ ‘ಮೈಸೂರ್ ಅಂಡ್ ಕೂರ್ಗ್ ಫ್ರಂ ದ ಇನ್‌ಸ್ಕ್ರಿಪ್ಷನ್ಸ್’ (1909) ಮತ್ತು ಫ್ಲೀಟ್ ಅವರ 1896ರ ಪಠ್ಯ ಇವೆರಡರ ಗಂಗರ ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದು ಭಾನುವಾರ ಓದಿ ನೋಡಿರಿ. ಆಕರವನ್ನು ಪರೀಕ್ಷಿಸುವುದೆಂದರೆ ಏನೆಂಬುದು ಯಾವ ಪೀಠಿಕೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಈಗ ನಿಘಂಟಿನ ಮಾತು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದಿತು. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು ಮದ್ರಾಸು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳದು, ಮೊದಲನೆಯದು 1970ರಲ್ಲಿ ಬಂದರೆ ಕೊನೆಯದು ಬರಲು 1995 ಆಯಿತು. ಸ್ಥಳದ ಅಭಾವವಿದ್ದರೂ ನಾನು ಪರಿಷತ್ತಿನ ನಿಘಂಟನ್ನೇ ಕೊಳ್ಳಿ ಎನ್ನುತ್ತೇನೆ. ಕಿಟ್ಟೆಲ್ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿ ಸಜಾತೀಯ ದ್ರಾವಿಡ ಪದಗಳ ಕಡೆಗೆ ಕೈ ತೋರಿಸುತ್ತಾರೆ. ಪರಿಷತ್ತಿನದರಲ್ಲಿ ಒಂದೊಂದು ಅರ್ಥದ ಕೆಳಗೆ ಕಾವ್ಯದಿಂದಲೋ ಶಾಸನದಿಂದಲೋ ಎತ್ತಿದ ಪ್ರಯೋಗವಿದೆ, ಆ ಪ್ರಯೋಗ ಎಲ್ಲಿಯದೆಂಬ ಸಂಕೇತಾಕ್ಷರವಿದೆ. ಶಾಸನದಲ್ಲಿ ‘ಪೆರ್ಜುಂಕ’, ‘ವಡ್ಡರಾವುಳ’, ‘ಮತ್ತರು’, ‘ಗದ್ಯಾಣ’ ಎಂದು ತೆರಿಗೆ, ಅಳತೆ, ನಾಣ್ಯಗಳ ಹೆಸರುಗಳು ಸಾಲಾಗಿ ಬಂದಾಗ ಸಾಮಾನ್ಯ ನಿಘಂಟು ಹಿಡಿದು ಕುಳಿತರೆ ಏನೂ ಆಗುವುದಿಲ್ಲ.

ಸಾಹಿತ್ಯ ಚರಿತ್ರೆಯಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ ಮೂರು ಸಂಪುಟಗಳಲ್ಲಿದೆ. 1907, 1919 ಮತ್ತು 1929 ಅವುಗಳ ಮೊದಲ ಪ್ರಕಟಣೆಯ ವರ್ಷಗಳು. ಕವಿ ಯಾರು, ಕೃತಿಗಳು ಯಾವುವು, ಗ್ರಂಥದಲ್ಲಿ ತನ್ನ ಬಗ್ಗೆ ಏನು ಹೇಳಿಕೊಂಡಿದ್ದಾನೆ ಎಂಬುದಕ್ಕೆ ಇಂದಿಗೂ ಅದನ್ನೇ ನೋಡುತ್ತೇವೆ. ಕಾಲನಿರ್ಣಯಕ್ಕೆ ಮಾತ್ರ ಅದನ್ನು ಒಂದನ್ನೇ ನಂಬಬೇಡಿ. ನಿರಂತರ ಓದಿಗೆ ಒಂದೇ ಪುಸ್ತಕ ಬೇಕೆಂದರೆ ರಂ. ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ ಸಾಕು. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಅವರು. ಮಹಾರಾಷ್ಟ್ರದ ಕನ್ನಡಿಗರಾದ ನಾವು ಅವರನ್ನು ಇನ್ನೂ ಹೆಚ್ಚು ಓದಬೇಕಾಗಿತ್ತು.

ರಾಷ್ಟ್ರಕೂಟರ ಕಾಲವನ್ನು ಓದುವವರು ‘ಕವಿರಾಜಮಾರ್ಗ’ವನ್ನು ಬಿಡುವಂತಿಲ್ಲ. ಅದನ್ನು 1898ರಲ್ಲಿ ಮೊದಲು ಸಂಪಾದಿಸಿ ಅಚ್ಚು ಹಾಕಿಸಿದ ಕಾಶೀನಾಥ ಬಾಪೂಜಿ ಪಾಠಕರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದವರು. ಆದರೆ ಓದಲು ಆ ಆವೃತ್ತಿ ಬೇಡ. ಮದ್ರಾಸು ವಿಶ್ವವಿದ್ಯಾನಿಲಯದ 1930ರ ಆವೃತ್ತಿಯೋ ಎಂ. ವಿ. ಸೀತಾರಾಮಯ್ಯನವರದೋ ಇರಲಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಎಂಬ ಪದ್ಯವನ್ನು ಇಲ್ಲಿಯ ಸಭೆಗಳಲ್ಲಿ ಎಲ್ಲರೂ ಹಾಡುತ್ತಾರೆ. ಅದರ ಮುಂದಿನ ಪದ್ಯದಲ್ಲಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿರುವುದನ್ನು ನೋಡುವವರು ಕಡಿಮೆ. ಎರಡನ್ನೂ ಒಟ್ಟಿಗೆ ಓದಿದರೆ ಗಡಿಯ ಬಗೆಗಿನ ನಮ್ಮ ಭಾಷಣಗಳು ಅರ್ಧಕ್ಕೆ ಇಳಿಯುತ್ತವೆ. ಯಾವ ಹಳೆಯ ಕೃತಿಯದಾದರೂ ಒಳ್ಳೆಯ ಆವೃತ್ತಿಯನ್ನು ಗುರುತಿಸುವುದು ಹೇಗೆಂದು ತಿಳಿಯಲು ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿರಿ.

ಧರ್ಮದ ವಿಷಯಕ್ಕೆ ಬಂದರೆ ಮೊದಲ ಹೆಸರು ಪಾಂಡುರಂಗ ವಾಮನ ಕಾಣೆಯವರ ‘ಹಿಸ್ಟರಿ ಆಫ್ ಧರ್ಮಶಾಸ್ತ್ರ’. ಗಿರಗಾಂವಿನಲ್ಲಿ ವಾಸವಾಗಿದ್ದು ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಮಾಡುತ್ತ ಅವರು ಬರೆದ ಐದು ಸಂಪುಟಗಳನ್ನು ಪುಣೆಯ ಭಾಂಡಾರಕರ್ ಸಂಸ್ಥೆ 1930ರಿಂದ 1962ರವರೆಗೆ ಪ್ರಕಟಿಸಿತು. ಪರಿಷ್ಕೃತ ರೂಪದಲ್ಲಿ ಅವು ಎಂಟು ದಪ್ಪ ಪುಸ್ತಕಗಳು. ನಿಮ್ಮ ಕಪಾಟು ಅಷ್ಟನ್ನು ತಾಳದು, ನಿಮಗೆ ಅಷ್ಟು ಬೇಕಾಗಿಯೂ ಇಲ್ಲ. ಮೊದಲನೆಯ ಸಂಪುಟ ಮಾತ್ರ ಕೊಳ್ಳಿರಿ, ಏಕೆಂದರೆ ಅದು ಧರ್ಮಶಾಸ್ತ್ರದ ಗ್ರಂಥಗಳನ್ನೂ ಗ್ರಂಥಕರ್ತರನ್ನೂ ಕಾಲಕ್ರಮದಲ್ಲಿ ಪರಿಚಯಿಸುತ್ತದೆ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಅದೇ ಸ್ಮೃತಿಗೆ ಹನ್ನೆರಡನೆಯ ಶತಮಾನದಲ್ಲಿ ಇನ್ನೊಂದು ದೊಡ್ಡ ವ್ಯಾಖ್ಯಾನ ಬರೆದ ಅಪರಾರ್ಕ ಯಾರೆಂದರೆ ಉತ್ತರ ಕೊಂಕಣದ ಶಿಲಾಹಾರ ರಾಜ ಅಪರಾದಿತ್ಯ. ಅಪರಾದಿತ್ಯನ ರಾಯಭಾರಿ ತೇಜಕಂಠನೆಂಬವನು ಕಾಶ್ಮೀರದ ವಿದ್ವತ್ಸಭೆಯಲ್ಲಿದ್ದನೆಂದು ಮಂಖ ಕವಿ ತನ್ನ ಕಾವ್ಯದಲ್ಲಿ ಹೇಳಿದ್ದಾನೆ. ರಾಜರ ವಂಶಾವಳಿ ಬೇಡವೆಂದ ನಿಮ್ಮ ಸದಸ್ಯರಿಗೆ ಈ ಒಬ್ಬ ರಾಜನನ್ನು ಮಾತ್ರ ಪರಿಚಯಿಸಿಕೊಡಿ. ಅಪರಾರ್ಕನ ವ್ಯಾಖ್ಯಾನವನ್ನು ಪುಣೆಯ ಆನಂದಾಶ್ರಮದವರು ತಮ್ಮ ಸಂಸ್ಕೃತ ಗ್ರಂಥಾವಳಿಯಲ್ಲಿ ಕಳೆದ ಶತಮಾನದ ಆರಂಭದಲ್ಲೇ ಅಚ್ಚು ಹಾಕಿದ್ದಾರೆ.

ಜೈನಧರ್ಮಕ್ಕೆ ಪಿ. ಬಿ. ದೇಸಾಯಿಯವರ ‘ಜೈನಿಸಂ ಇನ್ ಸೌತ್ ಇಂಡಿಯಾ ಅಂಡ್ ಸಮ್ ಜೈನ ಎಪಿಗ್ರಾಫ್ಸ್’ ನೋಡಿರಿ. 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಬಂದದ್ದು. ಕೊನೆಯ ಭಾಗದಲ್ಲಿ ಶಾಸನಗಳ ಮೂಲಪಾಠವೂ ಇದೆ. ವಚನಗಳಿಗೆ ಕರ್ನಾಟಕ ಸರ್ಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ತಂದ ‘ಸಮಗ್ರ ವಚನ ಸಂಪುಟ’ವೇ ಆಧಾರ. ಅವುಗಳನ್ನು ಹನ್ನೆರಡನೆಯ ಶತಮಾನದ ಘಟನೆಗಳಿಗೆ ನೇರ ಸಾಕ್ಷಿಯಾಗಿ ಬಳಸುವಾಗ ಎಚ್ಚರವಿರಬೇಕು, ಏಕೆಂದರೆ ನಮಗೆ ಉಳಿದಿರುವ ಓಲೆಪ್ರತಿಗಳು ಬಹಳ ಈಚಿನವು. ಬಸವಣ್ಣನವರನ್ನು ಹೆಸರಿಸುವ 1260ರ ಅರ್ಜುನವಾಡ ಶಾಸನದ ಪಾಠ ‘ಎಪಿಗ್ರಾಫಿಯಾ ಇಂಡಿಕಾ’ ಎಂಬ ಶಾಸನ ಮಾಲೆಯಲ್ಲಿದೆ, ಅದನ್ನು ಜೊತೆಗಿಟ್ಟುಕೊಳ್ಳಿ. ವಿಠ್ಠಲನ ಬಗ್ಗೆ ರಾ. ಚಿಂ. ಢೇರೆಯವರು 1984ರಲ್ಲಿ ಮರಾಠಿಯಲ್ಲಿ ಬರೆದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು. ಮರಾಠಿ ಓದಬಲ್ಲವರು ಮೂಲವನ್ನೇ ಓದಿರಿ.

ಮಡಗಾಂವ

ಗೋವೆಯ ಕದಂಬರ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಕೆಲವು ಮಾತು ಸೇರಿಸುತ್ತೇನೆ. ಜಾರ್ಜ್ ಮೊರಾಯೆಸ್ ಅವರ ‘ಕದಂಬ ಕುಲ’ 1931ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು. ಅವರು ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಹೆನ್ರಿ ಹೆರಾಸ್ ಅವರ ಶಿಷ್ಯರು. ಬನವಾಸಿ, ಹಾನಗಲ್ಲು, ಗೋವೆ ಎಲ್ಲ ಶಾಖೆಗಳನ್ನೂ ಒಂದೇ ಗ್ರಂಥದಲ್ಲಿ ತಂದಿರುವುದು ಅದರ ಹಿರಿಮೆ. ಅದಾದ ಮೇಲೆ ಗೋವೆಯೊಳಗೇ ಸಿಕ್ಕ ಶಾಸನಗಳು ಸಹಜವಾಗಿ ಅದರಲ್ಲಿಲ್ಲ. ಆದರೂ ಚಂದ್ರಪುರ ಅಂದರೆ ಇಂದಿನ ಚಾಂದೋರ್ ಮತ್ತು ಗೋಪಕಪಟ್ಟಣ ಈ ಎರಡು ರಾಜಧಾನಿಗಳ ಕಥೆಗೆ ಮೊದಲು ತೆರೆಯಬೇಕಾದ ಪುಸ್ತಕ ಅದೇ.

ಈ ಕದಂಬರನ್ನು ಗೋವೆಯ ಗಡಿಯೊಳಗೆ ಮಾತ್ರ ಹುಡುಕಿದರೆ ಅರ್ಧವೇ ಸಿಗುತ್ತದೆ. ಅವರ ಮುಖ್ಯ ಶಾಸನಗಳಲ್ಲಿ ಕೆಲವು ಇರುವುದು ಘಟ್ಟದ ಮೇಲೆ, ಬೆಳಗಾವಿ ಜಿಲ್ಲೆಯ ಹಲಸಿ ಮತ್ತು ದೇಗಾಂವೆಯಲ್ಲಿ. ದೇಗಾಂವೆಯ ಕಮಲನಾರಾಯಣ ದೇವಾಲಯ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ಅಲ್ಲಿಯ ಶಾಸನಗಳನ್ನು ಫ್ಲೀಟ್ ಅವರು ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ನಿಯತಕಾಲಿಕದಲ್ಲಿ ಪ್ರಕಟಿಸಿದ್ದಾರೆ. ಅದರ ಹಳೆಯ ಸಂಪುಟಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯಲ್ಲಿಯೇ, ಟೌನ್ ಹಾಲ್ ಕಟ್ಟಡದಲ್ಲಿವೆ. ಗೋವೆಗೆ ಬಂದರೆ ಪಣಜಿಯ ಪಾಟ್ಟೋದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಪರ್ವರಿಯ ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರಕ್ಕೂ ಹೋಗಿರಿ. ಪೋರ್ಚುಗೀಸರ ಕಾಲದ ದಾಖಲೆಗಳ ರಾಶಿಯಲ್ಲಿ ಕಳೆದುಹೋಗದಂತೆ ನಿಮಗೆ ಬೇಕಾದ ಶತಮಾನವನ್ನು ಗ್ರಂಥಪಾಲಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ವಂಶದವರ ಹಲವು ಶಾಸನಗಳಲ್ಲಿ ಕಾಲವನ್ನು ಶಕವರ್ಷದಲ್ಲಿ ಹೇಳದೆ ಕಲಿಯುಗದ ವರ್ಷದಲ್ಲಿ ಹೇಳಿರುತ್ತಾರೆ. ‘ಕಳೆದ’ ಅಂದರೆ ಪೂರ್ತಿ ಮುಗಿದ ಕಲಿವರ್ಷದಿಂದ 3101 ಕಳೆದರೆ ಕ್ರಿಸ್ತಶಕ ಬರುತ್ತದೆ. 4270 ಎಂದಿದ್ದರೆ 1169. ಮೊದಲ ಬಾರಿ ನೋಡಿದವರು ಕಂಗಾಲಾಗುತ್ತಾರೆ.

ಡೊಂಬಿವಲಿ ಓದುಗ

ಇಷ್ಟು ವಿವರವಾಗಿ ಬರೆದ ಮೂವರಿಗೂ ಕೃತಜ್ಞತೆಗಳು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆಸೆಯನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಮಿರಾಶಿಯವರ ಸಂಪುಟ, ಪರಿಷತ್ತಿನ ನಿಘಂಟು, ಕಾಣೆಯವರ ಮೊದಲ ಸಂಪುಟ ಇವುಗಳಿಗೆ ಕೂಟದ ಒಪ್ಪಿಗೆ ಸಿಕ್ಕಿದೆ. ಫ್ಲೀಟ್ ಬಗ್ಗೆ ನಮ್ಮಲ್ಲೂ ಇಬ್ಭಾಗವಾಗಿದೆ.

ಎರಡು ಸಂಗತಿಗಳು ಉಳಿದಿವೆ. ವಿಜ್ಞಾನದ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೊಂದು, ಮಡಗಾಂವದವರು ಕಲಿವರ್ಷದ ಲೆಕ್ಕ ಹೇಳಿದರು. ಶಕವರ್ಷಕ್ಕೆ 78 ಕೂಡಿಸಿದರೆ ಸಾಕೇ? ಕೆಲವು ಪುಸ್ತಕಗಳಲ್ಲಿ ಒಂದೇ ಶಾಸನಕ್ಕೆ ಒಂದು ವರ್ಷದ ವ್ಯತ್ಯಾಸ ಕಾಣುತ್ತದೆ.

ಠಾಣೆ, ಗಣಿತದ ಮೇಷ್ಟ್ರು

ವಿಜ್ಞಾನದ ಭಾಗಕ್ಕೆ ನಾನು ಉತ್ತರಿಸುತ್ತೇನೆ. ನಿಮ್ಮ ಕಾಲಖಂಡದಲ್ಲಿ ಕನ್ನಡನಾಡಿಗೆ ನೇರವಾಗಿ ಸಂಬಂಧಿಸಿದ ಗಣಿತಗ್ರಂಥವೆಂದರೆ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’. ಆರಂಭದಲ್ಲಿಯೇ ಅಮೋಘವರ್ಷ ನೃಪತುಂಗನ ಸ್ತುತಿ ಇರುವುದರಿಂದ ಅದು ಒಂಬತ್ತನೆಯ ಶತಮಾನದ್ದೆಂದು ಖಚಿತ. ಅಂದರೆ ‘ಕವಿರಾಜಮಾರ್ಗ’ದ ಸಮಕಾಲೀನ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನಿಂದ ಪ್ರಕಟಿಸಿದರು. ಹಿಂದಿ ಅನುವಾದದ ಆವೃತ್ತಿ 1963ರಲ್ಲಿ, ಮೇಲೆ ಹೇಳಿದ ಸೊಲ್ಲಾಪುರದ ಗ್ರಂಥಮಾಲೆಯಲ್ಲೇ ಬಂದಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ 2000ದಲ್ಲಿ ಪ್ರಕಟವಾಗಿದೆ. ಕೊಳ್ಳುವುದಾದರೆ ಇದನ್ನೇ ಕೊಳ್ಳಿರಿ.

ಸಂಖ್ಯೆಗಳ ಕುರಿತ ಮೊದಲ ಅಧ್ಯಾಯದ ನಿಯಮಗಳನ್ನು ಕೂಟದಲ್ಲಿ ಗಟ್ಟಿಯಾಗಿ ಓದಿ ಚರ್ಚಿಸಬಹುದು. ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಆಗಲಾರದು, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಆ ಕಾಲಕ್ಕೆ ಇದು ಬಹಳ ಶುದ್ಧವಾದ ಆಲೋಚನೆ. ಅದೇ ಅಧ್ಯಾಯದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದೂ ಹೇಳುತ್ತಾರೆ, ಅದು ತಪ್ಪು. ನಮ್ಮ ಅಭಿಮಾನದ ಲೇಖನಗಳು ಮೊದಲನೆಯದನ್ನು ಎತ್ತಿಹಿಡಿದು ಎರಡನೆಯದನ್ನು ನುಂಗಿಬಿಡುತ್ತವೆ. ಮೂಲಗ್ರಂಥ ಕೈಯಲ್ಲಿದ್ದರೆ ಹಾಗೆ ನುಂಗಲು ಬರುವುದಿಲ್ಲ. ಹೋಲಿಸಿ ನೋಡಲು ವಿಭೂತಿಭೂಷಣ ದತ್ತ ಮತ್ತು ಎ. ಎನ್. ಸಿಂಗ್ ಅವರ ಹಳೆಯ ‘ಹಿಸ್ಟರಿ ಆಫ್ ಹಿಂದೂ ಮ್ಯಾಥಮ್ಯಾಟಿಕ್ಸ್’ ಇದೆ. ಅದರಲ್ಲಿ ವಿಷಯವಾರು ಉದ್ಧರಣೆಗಳಿವೆ, ಆದರೆ ಸ್ವಲ್ಪ ಹೆಮ್ಮೆಯ ಧಾಟಿಯೂ ಇದೆ. ಕಿಮ್ ಪ್ಲಾಫ್ಕರ್ ಅವರ ‘ಮ್ಯಾಥಮ್ಯಾಟಿಕ್ಸ್ ಇನ್ ಇಂಡಿಯಾ’ (2009) ಹೆಚ್ಚು ಸಮತೋಲನದ್ದು.

ಸೇವುಣರ ಕಾಲಕ್ಕೆ ಬಂದಾಗ ಚಾಳೀಸಗಾಂವದ ಬಳಿಯ ಪಾಟಣದ 1207ರ ಶಾಸನವನ್ನು ಬಿಡಬೇಡಿ. ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವ ತನ್ನ ಅಜ್ಜನ ಗ್ರಂಥಗಳ ಅಧ್ಯಯನಕ್ಕೆಂದು ಮಠ ಸ್ಥಾಪಿಸಿದ್ದನ್ನು ಅದು ದಾಖಲಿಸುತ್ತದೆ. ಒಂದು ಗಣಿತಗ್ರಂಥದ ಪಾಠ–ಪ್ರವಚನಕ್ಕೆ ದತ್ತಿ ಬಿಟ್ಟ ಸುದ್ದಿ ಶಾಸನಗಳಲ್ಲಿ ಅಪರೂಪ. ಕೀಲ್‌ಹಾರ್ನ್ ಅವರು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ ಸಂಪಾದಿಸಿದ್ದಾರೆ.

ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು ವಿಜ್ಞಾನವೆನ್ನಬೇಕೋ ವಿಶ್ವಕೋಶವೆನ್ನಬೇಕೋ ತಿಳಿಯದು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ ಅಡುಗೆಯಿಂದ ಆನೆ ಹಿಡಿಯುವವರೆಗೆ ಎಲ್ಲವೂ ಇದೆ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೂರು ಸಂಪುಟಗಳನ್ನು ಗ್ರಂಥಾಲಯದಲ್ಲಿ ನೋಡಿದರೆ ಸಾಕು.

ಪುಣೆಯಿಂದ, ಪೇಠೆಯ ವಾಸಿ

ಶಕವರ್ಷದ ಪ್ರಶ್ನೆಗೆ ಉತ್ತರ. 78 ಕೂಡಿಸುವುದು ಕಳೆದ, ಅಂದರೆ ಪೂರ್ತಿ ಮುಗಿದ, ವರ್ಷಕ್ಕೆ ಸಾಮಾನ್ಯ ನಿಯಮ: ದಕ್ಷಿಣ ಕೊಂಕಣದ ಶಿಲಾಹಾರ ರಟ್ಟರಾಜನ ಖಾರೇಪಾಟಣ ತಾಮ್ರಪಟಗಳಲ್ಲಿರುವ ಶಕ 930 ಎಂದರೆ ಕ್ರಿ.ಶ. 1008. ಆದರೆ ಶಕವರ್ಷ ಚೈತ್ರದಲ್ಲಿ ಆರಂಭವಾಗುವುದರಿಂದ, ತಿಥಿ ಪುಷ್ಯದ ಕೊನೆಯಲ್ಲೋ ಮಾಘ–ಫಾಲ್ಗುಣಗಳಲ್ಲೋ ಇದ್ದರೆ ಕ್ರಿಸ್ತಶಕ ಅಷ್ಟರಲ್ಲಿ ಮುಂದಿನ ವರ್ಷಕ್ಕೆ ಹೋಗಿರುತ್ತದೆ, ಆಗ 79 ಕೂಡಿಸಬೇಕು. ಇದರ ಜೊತೆಗೆ, ಶಾಸನ ಬರೆಸಿದವರು ಕಳೆದ ವರ್ಷವನ್ನು ಹೇಳಿದ್ದಾರೋ ನಡೆಯುತ್ತಿರುವ ವರ್ಷವನ್ನೋ ಎಂಬ ಗೊಂದಲವಿದೆ. ನಡೆಯುತ್ತಿರುವ ವರ್ಷವಾದರೆ 77 ಕೂಡಿಸಬೇಕಾಗುತ್ತದೆ. ನಿಮಗೆ ಕಾಣುವ ಒಂದು ವರ್ಷದ ವ್ಯತ್ಯಾಸ ಬಹುಮಟ್ಟಿಗೆ ಇದರಿಂದಲೇ.

ಪರಿಹಾರ ಶಾಸನದಲ್ಲಿಯೇ ಇರುತ್ತದೆ. ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಇಷ್ಟಿದ್ದರೆ, ಜೊತೆಗೆ ಗ್ರಹಣದ ಉಲ್ಲೇಖವೂ ಇದ್ದರೆ ಇನ್ನೂ ಒಳ್ಳೆಯದು, ಅವೆಲ್ಲವೂ ಒಂದಕ್ಕೊಂದು ಹೊಂದುವ ದಿನ ಸಾಮಾನ್ಯವಾಗಿ ಒಂದೇ ಇರುತ್ತದೆ. ಅದನ್ನು ಹುಡುಕಲು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫಿಮೆರಿಸ್’ ಬೇಕು. ಕ್ರಿ.ಶ. 700ರಿಂದ 1799ರವರೆಗಿನ ಪಂಚಾಂಗವನ್ನು 1922ರಲ್ಲಿ ಅವರು ಸಂಪುಟಗಳಾಗಿ ಅಚ್ಚು ಹಾಕಿಸಿದ್ದಾರೆ. ಲೆಕ್ಕದ ತತ್ತ್ವ ತಿಳಿಯಬೇಕೆಂದಿದ್ದರೆ ರಾಬರ್ಟ್ ಸೆವೆಲ್ ಮತ್ತು ಪುಣೆಯ ಶಂಕರ ಬಾಳಕೃಷ್ಣ ದೀಕ್ಷಿತರು ಕೂಡಿ ಬರೆದ ‘ದಿ ಇಂಡಿಯನ್ ಕ್ಯಾಲೆಂಡರ್’ (1896) ಇದೆ. ದೀಕ್ಷಿತರ ಮರಾಠಿಯ ‘ಭಾರತೀಯ ಜ್ಯೋತಿಷಶಾಸ್ತ್ರ’ವನ್ನು ನಿಮ್ಮ ಗಣಿತಾಸಕ್ತರು ಇಷ್ಟಪಡಬಹುದು.

ಈ ಹಳೆಯ ಗ್ರಂಥಗಳಲ್ಲಿ ಹೆಚ್ಚಿನವು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಸ್ಕ್ಯಾನ್ ಮಾಡುವಾಗ ಮಡಿಸಿದ ಪ್ರತಿಕೃತಿಗಳನ್ನು ಬಿಡಿಸದೆ ಹಾಗೆಯೇ ಬಿಟ್ಟಿರುತ್ತಾರೆ, ಕೋಷ್ಟಕಗಳ ಅಂಚು ಕತ್ತರಿಸಿಹೋಗಿರುತ್ತದೆ. ಕಥನಭಾಗವನ್ನು ಓದಲು ತೊಂದರೆಯಿಲ್ಲ. ಪಂಚಾಂಗದ ಕೋಷ್ಟಕ ಮತ್ತು ಶಾಸನದ ಅಚ್ಚುಗಳಿಗೆ ಮುದ್ರಿತ ಪ್ರತಿಯನ್ನೇ ನೋಡಿರಿ. ಮಡಗಾಂವದವರು ಹೇಳಿದ ಕಲಿವರ್ಷಗಳ ತಾಳೆಗೂ ಅದೇ ಎಫಿಮೆರಿಸ್ ಸಾಕಾಗುತ್ತದೆ.